ಪೊರೆ ಅಂದರೆ ಬ್ಲರ್ ಅಲ್ಲ

ಕಣ್ಣಿನ ಪೊರೆ ಬಗ್ಗೆ ಇನ್ನೊಂದು ಜಾಗೃತಿ ವಿಡಿಯೊ ಈಗಷ್ಟೇ ನೋಡಿದೆ. ಮತ್ತೆ ಅದೇ. ಎಡಕ್ಕೆ ಸ್ಪಷ್ಟ ಚಿತ್ರ, ಬಲಕ್ಕೆ ಅದೇ ಚಿತ್ರಕ್ಕೆ ಗಾಸಿಯನ್ ಬ್ಲರ್ (ಎಲ್ಲವನ್ನೂ ಸಮನಾಗಿ ಮಸುಕಾಗಿಸುವ ಫಿಲ್ಟರ್), ಮೇಲೊಂದು ಬಿಳಿ ಪದರ. ಪೊರೆ ಬಂದವರಿಗೆ ಹೀಗೆ ಕಾಣುತ್ತಂತೆ. ಇಲ್ಲ ಸ್ವಾಮಿ, ಅದು ಕನ್ನಡಕ ಮನೆಯಲ್ಲಿ ಮರೆತು ಬಂದವರಿಗೆ ಕಾಣುವ ಲೋಕ.

‘ಪೊರೆ’ ಅನ್ನೋ ಮಾತೇ ದಾರಿ ತಪ್ಪಿಸುತ್ತೆ. ಕಣ್ಣಿನ ಮೇಲೆ ಕೆನೆಯಂತೆ ಏನೂ ಕಟ್ಟುವುದಿಲ್ಲ. ಪಾಪೆಯ ಹಿಂದಿರುವ ಲೆನ್ಸೇ ಮಬ್ಬಾಗುತ್ತೆ. ಅದರೊಳಗಿನ ಪ್ರೋಟೀನು ಗಂಟುಗಟ್ಟಿ ಬೆಳಕನ್ನು ಚದುರಿಸುತ್ತೆ. ಫೋಕಸ್ ತಪ್ಪುವುದು ಬೇರೆ, ಚದುರುವುದು ಬೇರೆ. ಫೋಕಸ್ ತಪ್ಪಿದರೆ ಚುಕ್ಕೆ ಬೆಳಕು ಪಕ್ಕಕ್ಕಷ್ಟೇ ಹರಡುತ್ತೆ. ಚದುರಿದರೆ ನಡುವಿನ ಚುಕ್ಕೆ ಬಹುಪಾಲು ಹಾಗೇ ಉಳಿದು, ಒಂದಷ್ಟು ಬೆಳಕು ಹತ್ತಾರು ಡಿಗ್ರಿ ದೂರದವರೆಗೆ ತೆಳುವಾಗಿ ಚೆಲ್ಲುತ್ತೆ.

ಲೆಕ್ಕ ಹಾಕಿ ನೋಡಿ. ಚದುರಿದ ಬೆಳಕು ನೋಟದ ಮೇಲೆ ಎಳೆಯುವ ಮುಸುಕನ್ನು ಅಳೆಯಲು ಸ್ಟೈಲ್ಸ್-ಹಾಲಡೇ ಸೂತ್ರ ಇದೆ. ಕಣ್ಣಿಗೆ ಬೀಳುವ ಬೆಳಕನ್ನು (ಲಕ್ಸ್ ಲೆಕ್ಕದಲ್ಲಿ) 10ರಿಂದ ಗುಣಿಸಿ, ನೋಟದ ನೇರದಿಂದ ದೀಪ ಎಷ್ಟು ಡಿಗ್ರಿ ಪಕ್ಕಕ್ಕಿದೆಯೋ ಅದರ ವರ್ಗದಿಂದ ಭಾಗಿಸಬೇಕು. ಎದುರಿನ ಹೆಡ್‌ಲೈಟ್ 3 ಡಿಗ್ರಿ ಪಕ್ಕದಲ್ಲಿದ್ದು 1 ಲಕ್ಸ್ ಬೀರಿದರೆ ಚದರ ಮೀಟರಿಗೆ 1.1 ಕ್ಯಾಂಡೆಲಾ ಹೊಳಪಿನ ಮುಸುಕು. ರಾತ್ರಿ ರಸ್ತೆಯ ಹೊಳಪೇ 1 ಅಂದುಕೊಂಡರೆ, ಆರೋಗ್ಯವಂತ ಕಣ್ಣಲ್ಲೇ ಕಾಂಟ್ರಾಸ್ಟ್ (ವಸ್ತು ಹಿನ್ನೆಲೆಯಿಂದ ಎದ್ದು ಕಾಣುವ ಪ್ರಮಾಣ) ಅರ್ಧಕ್ಕಿಳಿಯಿತು. ಪೊರೆಯಿಂದ ಚದುರುವಿಕೆ ನಾಲ್ಕು ಪಟ್ಟಾದರೆ ಮುಸುಕು 4.4. ಉಳಿಯುವುದು ಐದರಲ್ಲಿ ಒಂದು ಪಾಲೂ ಇಲ್ಲ. ಕಂಬಳಿ ಹೊದ್ದು ರಸ್ತೆ ದಾಟುವವರು ಆ ಬೆಳಕಲ್ಲಿ ಕರಗಿಹೋಗುತ್ತಾರೆ. ಅದೇ ಕಣ್ಣು ಹಗಲಲ್ಲಿ ಕಣ್ಣು ಪರೀಕ್ಷೆಯ ಚಾರ್ಟಿನ 6/9 ಸಾಲು, ಅಂದರೆ ಬಹುತೇಕ ಸಹಜ ದೃಷ್ಟಿಯ ಸಾಲು, ಓದಿಬಿಡಬಹುದು!

ಇದನ್ನು ಚಿತ್ರದಲ್ಲಿ ಸರಿಯಾಗಿ ತೋರಿಸುವುದು ಅಂಥ ಕಷ್ಟವೂ ಅಲ್ಲ. ಮೊದಲು ಚಿತ್ರದ ಗಾಮಾ (ಪರದೆಗಾಗಿ ಹೊಳಪಿನ ಅಂಕಿಗಳನ್ನು ಬಾಗಿಸಿದ್ದು) ಬಿಚ್ಚಿ ಲೀನಿಯರ್ ಮಾಡಿ, ಅಂದರೆ ಅಂಕಿಗಳು ನಿಜವಾದ ಬೆಳಕಿನ ಪ್ರಮಾಣಕ್ಕೆ ಹೊಂದಲಿ. ಎಲ್ಲರೂ ಎಡವುವುದು ಇಲ್ಲೇ. ಆಮೇಲೆ ಹೆಡ್‌ಲೈಟ್. 8 ಬಿಟ್ ಫೋಟೊದಲ್ಲಿ ಹೊಳಪಿನ ಗರಿಷ್ಠ ಅಂಕಿಯೇ 255, ಹಾಗಾಗಿ ದೀಪವೂ 255, ಬಿಳಿ ಗೋಡೆಯೂ 255. ಅದರಿಂದ ಪ್ರಭೆ ಹುಟ್ಟುವುದೇ ಇಲ್ಲ. ಬೇರೆಬೇರೆ ಎಕ್ಸ್‌ಪೋಷರ್ ತೆಗೆದು ಎಚ್‌ಡಿಆರ್ (ತೀರಾ ಮಂದದಿಂದ ತೀರಾ ಪ್ರಖರದವರೆಗಿನ ಹೊಳಪು ಹಿಡಿದಿಡುವ ಚಿತ್ರ) ಆಗಿ ಸೇರಿಸಲೇಬೇಕು. ಪಾಯಿಂಟ್ ಸ್ಪ್ರೆಡ್ ಫಂಕ್ಷನ್‌ಗೆ (ಒಂದು ಚುಕ್ಕೆ ಬೆಳಕು ಹೇಗೆ ಹರಡುತ್ತೆ ಅನ್ನುವ ನಕ್ಷೆ) ಚೂಪು ನಡುವೂ ಇರಲಿ, ಅಗಲ ಸೆರಗೂ ಇರಲಿ. ಒಟ್ಟು ಮೊತ್ತ 1 ಮೀರದಿರಲಿ. ಕರ್ನಲ್ (ಆ ನಕ್ಷೆಯ ಅಂಕಿಪಟ್ಟಿ) ಚಿತ್ರದಷ್ಟೇ ದೊಡ್ಡದಾಗುವುದರಿಂದ ಎಫ್‌ಎಫ್‌ಟಿ ಎಂಬ ವೇಗದ ಗಣಿತ ವಿಧಾನ ಬಳಸಿ, ಸುತ್ತ ಪ್ಯಾಡಿಂಗ್ (ಖಾಲಿ ಅಂಚು) ಕೊಡಿ. ಮರೆತರೆ ಎಡಗಡೆ ದೀಪದ ಪ್ರಭೆ ಬಲ ಅಂಚಲ್ಲಿ ಕಾಣಿಸಿಕೊಳ್ಳುತ್ತೆ. ಗಾಮಾ ಮತ್ತೆ ಹಾಕುವುದು ಕೊನೆಗೆ.

ಪೊರೆಯೂ ಒಂದೇ ಬಗೆಯದಲ್ಲ. ನಡುವಿನ ನ್ಯೂಕ್ಲಿಯರ್ ಪೊರೆ ಹಳದಿಗಟ್ಟಿ ನೀಲಿಯನ್ನು ನುಂಗುತ್ತೆ, ಹಾಗಾಗಿ ನೀಲಿ ಚಾನೆಲ್ ಇಳಿಸಬೇಕು. ಅದು ಲೆನ್ಸಿನ ವಕ್ರೀಭವನ ಸೂಚ್ಯಂಕವನ್ನೂ (ಬೆಳಕನ್ನು ಬಾಗಿಸುವ ಶಕ್ತಿ) ಏರಿಸುತ್ತೆ, ಹತ್ತಿರದ್ದು ಸ್ಪಷ್ಟವಾಗುತ್ತೆ. ಕನ್ನಡಕ ಇಲ್ಲದೆ ಪೇಪರ್ ಓದತೊಡಗಿದ ಅಜ್ಜನನ್ನು ಕಂಡು ಮನೆಯವರು ಖುಷಿಪಡುತ್ತಾರಲ್ಲ, ಎಷ್ಟೋ ಸಲ ಅದು ಪೊರೆಯ ಸುಳಿವು. ಲೆನ್ಸಿನ ಹಿಂಭಾಗದ ಪೊರೆಗೆ ಬಿಸಿಲೇ ವೈರಿ. ಬಿಸಿಲಲ್ಲಿ ಪಾಪೆ ಕಿರಿದಾದಷ್ಟೂ ನಡುವಿನ ಕಲೆಯೇ ದಾರಿ ಮುಚ್ಚುತ್ತೆ. ಪಾಪೆಯ ಅಳತೆ ಇಲ್ಲದ ಮಾದರಿ ಇದನ್ನು ತೋರಿಸಲಾರದು.

‘ಜನರಿಗೆ ಅರ್ಥವಾದರೆ ಸಾಕು, ಇಷ್ಟೆಲ್ಲ ಯಾಕೆ’ ಅನ್ನುವವರಿದ್ದಾರೆ. ಏನು ಅರ್ಥವಾಯಿತು? ಆ ವಿಡಿಯೊ ನೋಡಿದ ಹಿರಿಯರು ‘ನನಗೆ ಹೀಗೇನೂ ಕಾಣಲ್ಲ, ಚೆನ್ನಾಗೇ ಇದೆ’ ಅಂದುಕೊಂಡು ರಾತ್ರಿ ಸ್ಕೂಟರ್ ಹತ್ತುತ್ತಾರೆ. ನನಗೆ ಸಿಟ್ಟು ಬರುವುದೇ ಅದಕ್ಕೆ.

ಮುಂದಿನ ಸಲ ವಿಡಿಯೊ ಮಾಡುವವರು ಹೂವಿನ ಕುಂಡದ ಫೋಟೊ ಬಿಡಿ. ರಾತ್ರಿಯ ರಸ್ತೆ, ಎದುರು ಒಂದು ಲಾರಿ, ಅಂಚಿನಲ್ಲಿ ನಡೆಯುವ ಒಬ್ಬ ಮನುಷ್ಯ, ಇಷ್ಟನ್ನೇ ತೋರಿಸಿ.