ಕಡಲ ಇಂಜಿನಿಯರಿಂಗ್ ಎಂಟೆಕ್‌ಗೆ ದಂಡೆಯ ಮೇಲೊಂದು ಮಳೆಗಾಲ ಕಡ್ಡಾಯವಾಗಬೇಕೇ?

ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲಾ ಬೇಡ್ತಿಗೆ ಸೇರಿ, ಘಟ್ಟ ಇಳಿದು, ಗಂಗಾವಳಿ ಎಂಬ ಹೆಸರಿನಲ್ಲಿ ಅಂಕೋಲಾ-ಗೋಕರ್ಣದ ನಡುವೆ ಕಡಲು ಸೇರುತ್ತದೆ. ಹುಬ್ಬಳ್ಳಿ-ಧಾರವಾಡದ ಸಿವಿಲ್ ಪದವೀಧರರಲ್ಲೂ ಕೆಲವರು ಕಡಲಿನತ್ತ ಹೊರಡುತ್ತಾರೆ, ಸುರತ್ಕಲ್‌ನ ಎನ್‌ಐಟಿಕೆಗೋ ಚೆನ್ನೈನ ಐಐಟಿಗೋ. ಎರಡು ವರ್ಷದ ಎಂಟೆಕ್‌ನಲ್ಲಿ ಮೊದಲು ಪಾಠ, ಆಮೇಲೆ ಪ್ರಬಂಧ. ಇವೆರಡರ ನಡುವೆ ಒಂದು ಮಳೆಗಾಲ ದಂಡೆಯಲ್ಲಿ ಅಳತೆಯ ಕೆಲಸ ಮಾಡಿದವರಿಗಷ್ಟೇ ಪದವಿ ಎಂಬ ಷರತ್ತು ಬೇಕೇ?

ಪರ

ಬೇಕು. ನಮ್ಮ ಬಯಲುಸೀಮೆಯ ಹುಡುಗರಿಗೆ ನೀರೆಂದರೆ ಕೆರೆ, ಕಾಲುವೆ, ನವಿಲುತೀರ್ಥದ ಅಣೆಕಟ್ಟು. ನಿಂತ ನೀರು, ಇಲ್ಲವೇ ಒಂದೇ ಕಡೆಗೆ ಹರಿಯುವ ನೀರು. ನಾನು ಎಂಟೆಕ್‌ಗೆ ಹೊರಟಾಗ ನಮ್ಮ ಸೋದರಮಾವ ಕೇಳಿದ್ದರು: "ಅಲ್ಲೋ ತಮ್ಮಾ, ಸಮುದ್ರ ನೋಡಲಾರದ ಸಮುದ್ರದ ಇಂಜಿನಿಯರ್ ಹೆಂಗ ಆಗ್ತಿ?" ಆಗ ನನ್ನ ಬಳಿ ಉತ್ತರ ಇರಲಿಲ್ಲ.

ಹಡ್ಸನ್ ಸೂತ್ರ ಎಲ್ಲರಿಗೂ ಬಾಯಿಪಾಠ. ಅಲೆಯ ಹೊಡೆತ ತಡೆಯಲು ಕಡಲಲ್ಲಿ ಕಟ್ಟುವ ಅಲೆತಡೆಗೆ (ಬ್ರೇಕ್‌ವಾಟರ್‌ಗೆ) ಹಾಕುವ ಬಂಡೆಯ ತೂಕ ಅಲೆಯ ಎತ್ತರದ ಘನದಂತೆ ಏರುತ್ತದೆ. 2 ಮೀಟರ್ ಅಲೆಗೆ 1 ಟನ್ ಸಾಕಾದರೆ 4 ಮೀಟರ್ ಅಲೆಗೆ 8 ಟನ್ ಬೇಕು. ಆದರೆ ಆ ಬಂಡೆಯ ಬುಡದ ಮರಳನ್ನು ಅಲೆ ಹೇಗೆ ಕೆರೆದು ಒಯ್ಯುತ್ತದೆ, ಬಂಡೆ ಹೇಗೆ ಒಂದು ಕಡೆ ವಾಲುತ್ತದೆ ಎನ್ನುವುದನ್ನು ನಾನು ತಿಳಿದದ್ದು ಜುಲೈ ತಿಂಗಳಲ್ಲಿ, ಕೊಡೆ ನಿಲ್ಲದ ಗಾಳಿಯಲ್ಲಿ ದಂಡೆಯ ಮೇಲೆ ನಿಂತಾಗ.

ಉಳ್ಳಾಲಕ್ಕೆ ಹೋಗಿ ನೋಡಿ. ಅದರ ಉತ್ತರಕ್ಕೆ ನೇತ್ರಾವತಿ-ಗುರುಪುರ ಅಳಿವೆ, ಅಲ್ಲಿ ದೋಣಿಗಳ ದಾರಿಗಾಗಿ ಕಟ್ಟಿದ ಬ್ರೇಕ್‌ವಾಟರ್‌ಗಳು. ದಂಡೆಗುಂಟ ಸಾಗುವ ಮರಳಿಗೆ ಅಡ್ಡ ಕಟ್ಟಿದರೆ ಒಂದು ಬದಿ ತುಂಬುತ್ತದೆ, ಇನ್ನೊಂದು ಬದಿ ಕೊರೆಯುತ್ತದೆ. ಕಡಲ್ಕೊರೆತ ಉಳ್ಳಾಲದ ಮನೆಗಳನ್ನೂ ತೆಂಗಿನ ಮರಗಳನ್ನೂ ನುಂಗಿದೆ. ಗೋಡೆ ಬಿರಿದ ಮನೆಯ ಅಂಗಳದಲ್ಲಿ ನಿಂತು ಅಳತೆ ಟೇಪು ಹಿಡಿದವನು ಮುಂದೆ ನಕ್ಷೆಗೆ ಸಹಿ ಹಾಕುವಾಗ ಪಕ್ಕದೂರನ್ನು ಮರೆಯಲಾರ.

ಪೋರ್ಚುಗಲ್‌ನ ಸೀನೆಶ್ ಬಂದರಿನ ಕಥೆಯೂ ಇದೆ. ತೊಟ್ಟಿಯಲ್ಲಿ ಮಾದರಿ ಪರೀಕ್ಷೆ ದಾಟಿದ್ದ ಅಲೆತಡೆ ಅದು. 1978ರ ಫೆಬ್ರವರಿಯ ಬಿರುಗಾಳಿಗೆ ಅದರ 42 ಟನ್ನಿನ ಡೊಲೊಸ್‌ಗಳು, ಅಂದರೆ ಬಂಡೆಯ ಬದಲು ಹಾಕುವ, ಒಂದಕ್ಕೊಂದು ಹೆಣೆದುಕೊಳ್ಳುವ ಕಾಂಕ್ರೀಟ್ ತುಂಡುಗಳು, ಮುರಿದು ಹೋದವು. ತೊಟ್ಟಿಯ ನೀರನ್ನೇ ಕಡಲೆಂದು ನಂಬುವವರನ್ನು ನಾವು ತಯಾರು ಮಾಡಬಾರದು.

ವಿರೋಧ

ಸೀನೆಶ್‌ನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಆ ಉದಾಹರಣೆ ನನ್ನ ವಾದಕ್ಕೇ ಸಾಕ್ಷಿ. ಮಾದರಿಯ ಪುಟ್ಟ ಡೊಲೊಸ್ ತನ್ನ ಗಾತ್ರಕ್ಕೆ ಬಲು ಗಟ್ಟಿ, ಉರುಳಿದರೂ ಮುರಿಯುವುದಿಲ್ಲ. ನಿಜವಾದ 42 ಟನ್ನಿನದು ಅಲುಗಾಡಿದರೂ ಮುರಿಯಬಹುದು. ಗಾತ್ರ ಬೆಳೆದಷ್ಟು ಕಾಂಕ್ರೀಟಿನ ಬಲ ಬೆಳೆಯುವುದಿಲ್ಲ. ಇದನ್ನು ಹಿಡಿಯಲು ಬೇಕಾದದ್ದು ಕಾಂಕ್ರೀಟಿನ ಲೆಕ್ಕ. ಮೂರು ತಿಂಗಳು ದಂಡೆಯಲ್ಲಿ ನೆನೆದರೂ ಇದು ಕಣ್ಣಿಗೆ ಬೀಳುವುದಿಲ್ಲ.

ಒಂದು ಮಳೆಗಾಲ ತೋರಿಸುವುದು ಆ ವರ್ಷದ ಕಡಲನ್ನು ಮಾತ್ರ. ನಾವು ಕಟ್ಟುವುದು ನೂರು ವರ್ಷಕ್ಕೊಮ್ಮೆ ಬರುವ ಅಲೆಗೆ. ನೂರು ವರ್ಷಕ್ಕೊಮ್ಮೆ ಎಂದ ಮಾತ್ರಕ್ಕೆ ಅದು ದೂರದ ಮಾತಲ್ಲ: 50 ವರ್ಷ ಬಾಳುವ ಕಟ್ಟಡ ಅಂಥ ಅಲೆಯನ್ನು ಎದುರಿಸುವ ಸಂಭವ ಸುಮಾರು ಶೇ. 39. ಇದನ್ನು ಕಲಿಸುವುದು ಸಂಖ್ಯಾಶಾಸ್ತ್ರ, ಕಡಲಲ್ಲಿ ತೇಲುತ್ತ ಅಲೆ ಅಳೆಯುವ ಬೋಯೆಗಳ ವರ್ಷಗಟ್ಟಲೆ ದಾಖಲೆ. ಕಡ್ಡಾಯ ಮಾಡುವುದಿದ್ದರೆ ಅವನ್ನು ಮಾಡಿ.

ಕಡಲಿಂದ ದೂರ ಇದ್ದವರಿಗೆ ಕಡಲು ತಿಳಿಯುವುದಿಲ್ಲ ಎಂಬ ಮಾತು ನಮ್ಮ ಊರಿನ ಮಕ್ಕಳನ್ನು ಸುಮ್ಮನೆ ಕುಗ್ಗಿಸುತ್ತದೆ. ಸುನಾಮಿ ಎಚ್ಚರಿಕೆ ಕೊಡುವ ಇನ್‌ಕಾಯ್ಸ್ ಇರುವುದು ಹೈದರಾಬಾದಿನಲ್ಲಿ. ಬಂದರುಗಳ ಮಾದರಿ ಕಟ್ಟಿ ಪರೀಕ್ಷಿಸುವ, 1916ರಲ್ಲಿ ಶುರುವಾದ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ, ಸಹ್ಯಾದ್ರಿಯ ಈಚೆ ಬದಿಗೆ.

ಇನ್ನು ಹಣದ ಮಾತು. ಇದೇ ನನ್ನನ್ನು ಹೆಚ್ಚು ಕಾಡುವುದು. ಎಂಟೆಕ್ ಪ್ರವೇಶದ ಗೇಟ್ ಪರೀಕ್ಷೆ ಪಾಸಾಗಿ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸಿಗುತ್ತದೆ. ಗದಗ, ಹಾವೇರಿ ಕಡೆಯ ಒಕ್ಕಲು ಮನೆಯ ಹುಡುಗಿ ಅದರಲ್ಲೇ ಊಟ ಮುಗಿಸಿ ಮನೆಗೂ ಸ್ವಲ್ಪ ಕಳಿಸುತ್ತಾಳೆ. ದಂಡೆಯ ಊರಿನಲ್ಲಿ ಬಾಡಿಗೆ ಕೋಣೆ, ಉಪಕರಣ ಸಾಗಿಸುವ ಗಾಡಿ, ಇವಕ್ಕೆಲ್ಲ ದುಡ್ಡು ಎಲ್ಲಿಂದ? ಎರಡು ವರ್ಷದ ನಡುವೆ ಬರುವ ಆ ಜೂನ್-ಜುಲೈಯಲ್ಲೇ ಇಂಟರ್ನ್‌ಶಿಪ್ಪೂ ಸಿಗುವುದು. ಮೇಲಾಗಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಅನುಭವಿ ಮೀನುಗಾರರೇ ದೋಣಿ ಮೇಲೆಳೆದಿಟ್ಟ ದಿನಗಳಲ್ಲಿ ಈಜು ಬಾರದ ಬಯಲುಸೀಮೆಯ ವಿದ್ಯಾರ್ಥಿಯನ್ನು ಅಲೆ ಅಳೆಯಲು ಕಳಿಸುವುದೇ? ಬಿದ್ದರೆ ಹೊಣೆ ಯಾರದು?

ಹೋಗುವವರು ಹೋಗಲಿ. ಅವರಿಗೆ ಅಂಕ ಕೊಡಿ, ಬಸ್ಸಿನ ಖರ್ಚು ಕೊಡಿ, ವಿಮೆ ಮಾಡಿಸಿ. ಹೋಗಲಾಗದವಳು ಬೋಯೆಯ ಹತ್ತು ವರ್ಷದ ದಾಖಲೆ ಇಟ್ಟುಕೊಂಡು ಹುಬ್ಬಳ್ಳಿಯ ಮನೆಯಲ್ಲೇ ಪ್ರಬಂಧ ಬರೆದರೆ, ಅದರ ಲೆಕ್ಕ ಸರಿ ಇದೆಯೋ ಇಲ್ಲವೋ, ಅಷ್ಟನ್ನೇ ನೋಡಿ.