ಅರ್ಧ ಗಂಟೆ ಕಳೆ, ಅರ್ಧ ಗಂಟೆ ಕೂಡು

ಬೇಸಿಗೆಯಲ್ಲಿ ಊರಿಂದ ಹಿರಿಯರು ಬಂದರು ಅಂದರೆ ಅಮೆರಿಕದಲ್ಲಿರುವ ನಾವೆಲ್ಲ ಮಾಡುವ ಪ್ರವಾಸ ಹೆಚ್ಚುಕಡಿಮೆ ಒಂದೇ. ಲಾಸ್ ವೇಗಸ್‌ನಲ್ಲಿ ಇಳಿಯೋದು, ಏಳು ಸೀಟಿನ ಗಾಡಿ ಬಾಡಿಗೆಗೆ ಹಿಡಿಯೋದು, ಡಿಕ್ಕಿಯಲ್ಲಿ ರೈಸ್ ಕುಕ್ಕರ್, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ತುಂಬಿಕೊಂಡು ಯೂಟಾ, ಅರಿಜೋನಾ ಕಡೆ ಬಂಡೆ ನೋಡೋಕೆ ಹೊರಡೋದು. ಅಷ್ಟು ದೂರದಿಂದ ಬಂದವರಿಗೆ ಬರೀ ಮನೆ ಹಿಂದಿನ ಹುಲ್ಲು ತೋರಿಸಿ ಕಳಿಸೋಕಾಗಲ್ಲ, ಅಲ್ವಾ?

ನಾವೂ ಹೋಗಿ ಬಂದೆವು. ಬಟ್ಟೆಯಲ್ಲಿ ಸೇರಿದ ಕೆಂಪು ಮರಳು ಇನ್ನೂ ವಾಷಿಂಗ್ ಮಷೀನಿನಲ್ಲಿ ಸಿಗುತ್ತಿದೆ, ನನ್ನ ಸಿಟ್ಟೂ ಹಾಗೇ ಇದೆ. ಬಿಸಿಲಿಗೆ ಟೋಪಿ ಇತ್ತು, ಬಾಯಾರಿಕೆಗೆ ನೀರಿನ ಕ್ಯಾನ್ ಇತ್ತು. ಗಡಿಯಾರಕ್ಕೆ ಮಾತ್ರ ನಮ್ಮ ಹತ್ತಿರ ಏನೂ ಮದ್ದಿರಲಿಲ್ಲ.

ಆ ಕಡೆ ಗಂಟೆಯ ಕಥೆ ಹೀಗಿದೆ. ಅಮೆರಿಕದ ಬಹುಪಾಲು ರಾಜ್ಯಗಳು ಮಾರ್ಚ್‌ನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳುತ್ತವೆ, ನವೆಂಬರ್‌ನಲ್ಲಿ ಹಿಂದಕ್ಕೆ ಎಳೆಯುತ್ತವೆ. ಅರಿಜೋನಾದವರು 1968ರಲ್ಲೇ ಇದಕ್ಕೆ ಕೈಮುಗಿದುಬಿಟ್ಟರು. ಸುಟ್ಟು ಸಾಯುವ ಊರಿಗೆ ಸಂಜೆ ಇನ್ನೊಂದು ಗಂಟೆ ಬಿಸಿಲು ಯಾಕೆ ಬೇಕು? ಸರಿಯಾದ ಮಾತೇ. ಆದರೆ ಅದೇ ಅರಿಜೋನಾದೊಳಗೆ ಮೂಲನಿವಾಸಿಗಳಾದ ನವಾಹೋ ಜನರ ಸೀಮೆಯಿದೆ. ಅದು ಪಕ್ಕದ ಯೂಟಾ, ನ್ಯೂ ಮೆಕ್ಸಿಕೋಗಳಿಗೂ ಚಾಚಿಕೊಂಡಿದೆ, ಹಾಗಾಗಿ ಅವರು ತಳ್ಳುತ್ತಾರೆ. ಅವರ ಸೀಮೆಯ ನಟ್ಟನಡುವೆ ಹೋಪಿ ಜನರ ಸೀಮೆ. ಅವರು ತಳ್ಳಲ್ಲ. ಇನ್ನು ಆಂಟೆಲೋಪ್ ಕ್ಯಾನ್ಯನ್ ಅನ್ನೋ ಬಂಡೆಸೀಳಿನ ಕಣಿವೆ ಇರುವುದು ನವಾಹೋ ನೆಲದಲ್ಲೇ, ಆದರೆ ಟೂರ್ ನಡೆಯುವುದು ಪಕ್ಕದ ಪೇಜ್ ಊರಿನ ಅರಿಜೋನಾ ಟೈಮಿಗೆ. ಇಷ್ಟನ್ನೂ ಪಾಪದ ಫೋನಿಗೆ ಯಾರು ಹೇಳಬೇಕು? ಅದು ಯಾವ ಟವರ್ ಕೈಗೆ ಸಿಕ್ಕಿತೋ ಅದರ ಗಂಟೆ ತೋರಿಸುತ್ತದೆ.

ಇದರ ನಡುವೆ ನಮ್ಮ ಮಾವನವರ ಎಚ್‌ಎಂಟಿ ಜನತಾ. ಕೀ ಕೊಡುವ ವಾಚು. ತುಮಕೂರಿನಿಂದ ಹೊರಟಾಗ ಎಷ್ಟಿತ್ತೋ ಅದೇ ಗಂಟೆ ಈಗಲೂ. ಏರ್‌ಪೋರ್ಟಿನಲ್ಲೇ ಮೊಮ್ಮಗಳು ಟೈಮ್ ಸರಿ ಮಾಡಿಕೊಡ್ತೀನಿ ಅಂದಳು. "ಬೇಡ ಪುಟ್ಟಿ, ವಾಪಸ್ ಹೋಗೋವಾಗ ಮತ್ತೆ ತಿರುಗಿಸಬೇಕು, ಸುಮ್ನೆ ಕೀ ಸವೆಯುತ್ತೆ" ಅಂದರು. ಬೇಸಿಗೆಯಲ್ಲಿ ನಾವಿರುವ ಕ್ಯಾಲಿಫೋರ್ನಿಯಾ, ಗಡಿಯಾರ ತಳ್ಳದ ಅರಿಜೋನಾ ಎರಡೂ ಭಾರತಕ್ಕಿಂತ ಹನ್ನೆರಡೂವರೆ ಗಂಟೆ ಹಿಂದೆ. ಮುಳ್ಳಿನ ವಾಚಲ್ಲಿ ಅರ್ಧ ಗಂಟೆ ಕಳೆದರೆ ಮುಗಿಯಿತು. ಈ ಲೆಕ್ಕ ಸಿಕ್ಕಿದ ದಿನದಿಂದ ಅವರು ನಮ್ಮ ಮನೆಯ ಯಾವ ಗಡಿಯಾರಕ್ಕೂ ಸೊಪ್ಪು ಹಾಕಿಲ್ಲ.

ಅದರ ಜೊತೆಗೊಂದು ಅಭ್ಯಾಸ. ಟೈಮ್ ನೋಡಿದಾಗಲೆಲ್ಲ ಊರಿನ ಸಮಾಚಾರ ಹೇಳಬೇಕು. ನಾವು ಸಂಜೆ ಕಾಫಿ ಕುಡಿಯುತ್ತಿದ್ದರೆ, "ಈಗ ನಮ್ಮಲ್ಲಿ ಹಾಲಿನವನು ಬರೋ ಹೊತ್ತು." ರಾತ್ರಿ ಊಟಕ್ಕೆ ಕೂತರೆ, "ಈಗ ನಲ್ಲಿ ನೀರು ಬಿಡ್ತಾರೆ, ಸಂಪಿನ ಮುಚ್ಚಳ ಯಾರು ತೆಗೀತಾರೋ." ಬೆಳಗ್ಗೆ ನಾನು ತಿಂಡಿ ಡಬ್ಬಿ ಹಿಡಿದು ಓಡಾಡುವಾಗ, "ಈಗ ಎಲ್ಲಾ ಸೀರಿಯಲ್ ಮುಗಿಸಿ ಮಲಗೋಕೆ ಹೊರಟಿರ್ತಾರೆ." ಮೊದಮೊದಲು ಚೆನ್ನಾಗಿತ್ತು. ದಿನವಿಡೀ ಕಾರಿನಲ್ಲಿ ಅಕ್ಕಪಕ್ಕ ಕೂತು, ನೆವಾಡಾದ ಉದ್ದಕ್ಕೂ ತುಮಕೂರಿನ ನೇರಪ್ರಸಾರ ಕೇಳಿ ನೋಡಿ, ಆಮೇಲೆ ಮಾತಾಡೋಣ.

ನಮ್ಮ ಯಜಮಾನರು ಇದಕ್ಕೆ ಉಲ್ಟಾ. ಅವರದು ಎಕ್ಸೆಲ್. ಹಲ್ಲುಜ್ಜೋದಕ್ಕೂ ಅದರಲ್ಲಿ ಒಂದು ಸಾಲು. ಪೇಜ್‌ನಲ್ಲಿ ರೂಮಿನ ರೇಟು ನೋಡಿ ಎದೆ ಧಸಕ್ ಅಂದು, ಒಂದು ಗಂಟೆಗೂ ಜಾಸ್ತಿ ದೂರದ ಕನಾಬ್‌ನಲ್ಲಿ ರೂಮ್ ಮಾಡಿದ್ದರು. ಕನಾಬ್ ಇರುವುದು ಯೂಟಾದಲ್ಲಿ. ಯೂಟಾ ತಳ್ಳುವವರ ಪಕ್ಷ. ಎಕ್ಸೆಲ್‌ನಲ್ಲಿ ಇದಕ್ಕೆ ಕಾಲಮ್ ಇರಲಿಲ್ಲ.

ಆಂಟೆಲೋಪ್ ಕ್ಯಾನ್ಯನ್ ಟಿಕೆಟ್ ಹತ್ತೂಕಾಲಿಗೆ. ನವಾಹೋ ಗೈಡ್ ಇಲ್ಲದೆ ಒಳಗೆ ಬಿಡಲ್ಲ, ತಡವಾದರೆ ದುಡ್ಡು ಗೋತಾ. ಅವತ್ತು ಅತ್ತೆಯ ಪೂಜೆ ಸ್ವಲ್ಪ ಲಂಬಿಸಿತು. ಕನಾಬ್ ಬಿಟ್ಟಾಗ ಗೋಡೆಯಲ್ಲಿ ಒಂಬತ್ತಕ್ಕೆ ಹತ್ತು ನಿಮಿಷ. ಅಲ್ಲಿಂದ ಶುರುವಾಯಿತು ನೋಡಿ. ತಿಂಡಿಗೆ ನಿಲ್ಲಿಸಲ್ಲ ಅಂದರು ಯಜಮಾನರು. ಮಗ ಬಾತ್‌ರೂಮ್ ಅಂದ, ತಡ್ಕೋ ಅಂದರು. ದಾರಿಯ ಎರಡೂ ಕಡೆ ಕೆಂಪು, ಬಿಳಿ, ಕಾವಿ ಪದರದ ಬಂಡೆಗಳು ಸಾಲುಗಟ್ಟಿ ನಿಂತಿದ್ದವು. ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಹಿಂದಿನ ಸೀಟಿನಿಂದ ಮಾವ ಮೆಲ್ಲಗೆ, "ಇನ್ನೂ ಟೈಮ್ ಇದೆ ಕಣೋ" ಅಂದರು.

"ಅಪ್ಪಾ, ನೀವು ದಯವಿಟ್ಟು ಸುಮ್ನಿರಿ!"

ಮಾವ ಸುಮ್ಮನಾದರು. ಕಿಟಕಿ ಕಡೆ ತಿರುಗಿ, "ಈಗ ನಮ್ಮಲ್ಲಿ ಎಲ್ಲಾ ಸೀರಿಯಲ್ ಮುಂದೆ ಕೂತಿರ್ತಾರೆ" ಅಂತ ತಮಗೆ ತಾವೇ ಹೇಳಿಕೊಂಡರು.

ಫೋನಿನಲ್ಲಿ ಹತ್ತೂ ಹತ್ತಾಗಿತ್ತು, ಗಾಡಿ ನಿಲ್ಲಿಸಿದ್ದೇ ಓಟ. ಮುಂದೆ ಯಜಮಾನರು, ಫೋನಿನಲ್ಲಿ ಟಿಕೆಟ್ ಎತ್ತಿ ಹಿಡಿದುಕೊಂಡು. ಹಿಂದೆ ತೊಡೆ ಬಿಗಿಹಿಡಿದುಕೊಂಡ ಮಗ. ಅವನ ಹಿಂದೆ ಮಂಡಿನೋವಿನ ಅತ್ತೆ, ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ಪುಳಿಯೋಗರೆ ಬ್ಯಾಗು. ಕೌಂಟರಿನಲ್ಲಿದ್ದ ಹುಡುಗಿ ಟಿಕೆಟ್ ನೋಡಿದಳು, ನಮ್ಮನ್ನು ನೋಡಿದಳು, ತಲೆಯ ಮೇಲಿನ ಗಡಿಯಾರದತ್ತ ಬೆರಳು ತೋರಿಸಿದಳು. ಒಂಬತ್ತೂ ಹತ್ತು. ಮುಕ್ಕಾಲು ಗಂಟೆ ಬಿಟ್ಟು ಬನ್ನಿ ಅಂದಳು. ನಮ್ಮಂಥವರನ್ನು ದಿನಾ ನೋಡುತ್ತಾಳೇನೋ, ನಗು ಕೂಡ ಬರಲಿಲ್ಲ ಅವಳಿಗೆ.

ಮಾವ ಮಾತ್ರ ಗಾಡಿ ಪಕ್ಕದಿಂದ ನಿಧಾನಕ್ಕೆ ನಡೆದು ಬಂದರು. ಅವರ ಎಚ್‌ಎಂಟಿಯಲ್ಲಿ ಒಂಬತ್ತೂ ನಲವತ್ತು. ಅರ್ಧ ಗಂಟೆ ಕಳೆದರೆ ಎಷ್ಟು? ನೀವೇ ಲೆಕ್ಕ ಹಾಕಿ. ಅವರು ಬಾಯಿಬಿಟ್ಟು ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು. ಪಾರ್ಕಿಂಗಿನ ಬಿಸಿಲಲ್ಲಿ, ಡಿಕ್ಕಿ ಬಾಗಿಲ ನೆರಳಲ್ಲಿ ನಿಂತು ಎಲ್ಲರೂ ಪುಳಿಯೋಗರೆ ತಿಂದೆವು. ಒಳಗೆ ಬ್ಯಾಗು ಒಯ್ಯುವ ಹಾಗಿಲ್ಲವಾದ್ದರಿಂದ ಅದನ್ನು ಖಾಲಿ ಮಾಡುವುದೂ ನಮ್ಮ ಹೊಣೆಯೇ ಆಗಿತ್ತು.

ಕ್ಯಾನ್ಯನ್ ಬಗ್ಗೆ ದೂರಿಲ್ಲ. ಮರಳಿನಲ್ಲಿ ಸೊಂಟ ಕಳಚುವ ಹಾಗೆ ಕುಲುಕಿಸಿಕೊಂಡು ಹೋಗಿ ಇಳಿದರೆ, ಬಂಡೆಯಲ್ಲೊಂದು ಸೀಳು. ಒಳಗೆ ಹೋದರೆ ತಲೆಯ ಮೇಲೆ ನೂರಡಿಗೂ ಎತ್ತರದ ಗೋಡೆಗಳು, ಮೇಲಿನಿಂದ ಇಳಿಯುವ ಕಿತ್ತಳೆ ಬೆಳಕು. "ಯಾರೋ ಕಾಟನ್ ಸೀರೆ ಹಿಂಡಿ, ಕೊಡವದೆ ಹಾಗೇ ಒಣಗೋಕೆ ಬಿಟ್ಟಿದ್ದಾರೆ" ಅಂದರು ಅತ್ತೆ. ಗೈಡ್ ಎಲ್ಲರ ಫೋನನ್ನೂ ಇಸಿದುಕೊಂಡು ತಾನೇ ಫೋಟೋ ತೆಗೆದುಕೊಟ್ಟ. ಇದನ್ನೆಲ್ಲ ಕೊರೆದದ್ದು ಮಳೆಗಾಲದಲ್ಲಿ ನುಗ್ಗುವ ನೀರು. ಇಲ್ಲಿ ಮೋಡವೇ ಇಲ್ಲದಿದ್ದರೂ ದೂರದಲ್ಲೆಲ್ಲೋ ಮಳೆ ಬಿದ್ದರೆ ಸಾಕಂತೆ. 1997ರ ಆಗಸ್ಟ್‌ನಲ್ಲಿ ಪಕ್ಕದ ಕೆಳಗಿನ ಕ್ಯಾನ್ಯನ್‌ನಲ್ಲಿ ಹಾಗೆ ಬಂದ ನೀರಿಗೆ 11 ಜನ ಪ್ರವಾಸಿಗರು ಸಿಕ್ಕಿ ತೀರಿಹೋದರು. ಮಾವ ಗೋಡೆ ಸವರಿ ನೋಡುತ್ತಾ ನಿಂತುಬಿಟ್ಟಿದ್ದರು. ಅಲ್ಲಿದ್ದಷ್ಟು ಹೊತ್ತು ಊರಿನ ಸಮಾಚಾರ ಬರಲಿಲ್ಲ.

ಮರುದಿನ ಮಾನ್ಯುಮೆಂಟ್ ವ್ಯಾಲಿ. ಯಜಮಾನರು ಪಾಠ ಕಲಿತಿದ್ದರು. ರಾತ್ರಿಯೇ ಎಲ್ಲರ ಫೋನು ಕಿತ್ತುಕೊಂಡು ಫೀನಿಕ್ಸ್ ಟೈಮಿಗೆ ಬಿಗಿದು ಕೂರಿಸಿದ್ದರು. "ಇನ್ನು ಇದು ಅಲ್ಲಾಡಲ್ಲ." ಐದು ಗಂಟೆಗೆ ಜೀಪ್ ಟೂರ್. ನಿಧಾನಕ್ಕೆ ಹೊರಟೆವು, ಕಯೆಂಟಾದ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದೆವು, ಐಸ್‌ಕ್ರೀಮ್ ತಿಂದೆವು, ಎಲ್ಲರೂ ಬಾತ್‌ರೂಮಿಗೆ ಹೋಗಿಬಂದೆವು. ಐದಕ್ಕೆ ಕಾಲು ಗಂಟೆ ಇರುವಾಗ ರಾಜಗಾಂಭೀರ್ಯದಿಂದ ಹೋಗಿ ನಿಂತರೆ ಜೀಪು ಹೊರಟು ಮುಕ್ಕಾಲು ಗಂಟೆಯಾಗಿತ್ತು. ಇಲ್ಲಿನದು ನವಾಹೋ ಟೈಮು.

"ನಿನ್ನೆ ಕಳೆಯಬೇಕಿತ್ತು, ಇವತ್ತು ಕೂಡಬೇಕಿತ್ತು" ಅಂದರು ಮಾವ.

"ಅಂದ್ರೆ? ನಿಮಗೆ ಗೊತ್ತಿತ್ತಾ?"

"ಪೆಟ್ರೋಲ್ ಬಂಕಲ್ಲಿ ಗೋಡೆ ಗಡಿಯಾರ ಇತ್ತಲ್ಲ."

"ಮತ್ತೆ ಹೇಳಬಾರದಾ ಅಪ್ಪಾ?"

"ಸುಮ್ನಿರಿ ಅಂದಿದ್ಯಲ್ಲಪ್ಪ."

ನಾನು ನೀರಿನ ಬಾಟಲಿಯ ಮುಚ್ಚಳ ಹುಡುಕುವ ನೆಪದಲ್ಲಿ ಗಾಡಿಯೊಳಗೆ ಸೇರಿಕೊಂಡೆ.

ಜೀಪಿನ ದುಡ್ಡು ಹೋಯಿತು. ವಿಸಿಟರ್ ಸೆಂಟರಿನ ಕಟ್ಟೆಯ ಮೇಲೆ ಕೂತು, ಎದುರಿಗಿದ್ದ ಮೂರು ದೊಡ್ಡ ಬಂಡೆಗಳನ್ನೇ ಸೂರ್ಯ ಮುಳುಗುವ ತನಕ ನೋಡಿದೆವು. ಅವು ಕಾವಿಯಿಂದ ಕೆಂಪಿಗೆ, ಕೆಂಪಿಂದ ನೇರಳೆಗೆ ತಿರುಗಿದವು. ಮಾವ ವಾಚು ಬಿಚ್ಚಿ ಕೀ ಕೊಡುತ್ತಾ, "ಅಲ್ಲಿ ಎಂಟಾಯ್ತು. ಬೀದಿಯಲ್ಲಿ ಸ್ಕೂಲ್ ಆಟೋ ಬರೋ ಹೊತ್ತು" ಅಂದರು. ಸ್ವಲ್ಪ ಬಿಟ್ಟು, "ನಮ್ಮ ಗೇಟ್ ಮುಂದೆ ಮಾತ್ರ ರಂಗೋಲಿ ಇರಲ್ಲ" ಅಂದರು. ಅತ್ತೆ ಏನೂ ಅನ್ನಲಿಲ್ಲ. ಎರಡು ದಿನದಿಂದ ಯಾವ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತೋ, ಆ ಮಾತು ಅವತ್ತು ಗಂಟಲಲ್ಲಿ ಸಿಕ್ಕಿಕೊಂಡಿತು. ನಾವು ಬಿಟ್ಟು ಬಂದು ಎಷ್ಟೋ ಕಾಲವಾದ ಬೀದಿಯಲ್ಲಿ ಇವರಿನ್ನೂ ಹಾಲು, ನಲ್ಲಿ, ಆಟೋ ಲೆಕ್ಕ ಹಾಕುತ್ತಾ ಓಡಾಡುತ್ತಿದ್ದಾರೆ.

ಆಮೇಲೆ ಮಗ, ಮಗಳು ಐಸ್‌ಕ್ರೀಮ್ ಯಾರಿಗೆ ಜಾಸ್ತಿ ಬಂತು ಅಂತ ಜಗಳ ತೆಗೆದರು. ಎದ್ದೆವು.

ಕೊನೆಯದು ಗ್ರ್ಯಾಂಡ್ ಕ್ಯಾನ್ಯನ್. ದಾರಿಯಲ್ಲಿ ಟೂಬಾ ಸಿಟಿ ನವಾಹೋ, ಅದಕ್ಕಂಟಿಕೊಂಡ ಮೊಯೆನ್ಕೋಪಿ ಹೋಪಿ, ಮುಂದೆ ಮತ್ತೆ ನವಾಹೋ. ಯಜಮಾನರು ಫೋನನ್ನು ಡ್ಯಾಶ್‌ಬೋರ್ಡಿನ ಖಾನೆಗೆ ಹಾಕಿ ಮುಚ್ಚಿ, "ಅಪ್ಪಾ, ಗಂಟೆ ಎಷ್ಟು?" ಅಂತ ಕೇಳಿಕೊಂಡೇ ಓಡಿಸಿದರು. ಮಾವನವರ ಗತ್ತು ನೋಡಬೇಕಿತ್ತು.

ಅಲ್ಲಿನ ಶಿಖರಗಳಿಗೆ ನಮ್ಮ ದೇವರ ಹೆಸರಿದೆ. ವಿಷ್ಣು ಟೆಂಪಲ್, ಶಿವ ಟೆಂಪಲ್, ಬ್ರಹ್ಮ ಟೆಂಪಲ್. ತೀರಾ ತಳದ ಕಪ್ಪು ಬಂಡೆಗೂ ವಿಷ್ಣುವಿನ ಹೆಸರೇ, ಅದರ ವಯಸ್ಸು 170 ಕೋಟಿ ವರ್ಷದ ಆಸುಪಾಸು. ಇಷ್ಟು ಕೇಳಿದ್ದೇ ಅತ್ತೆ ಚಪ್ಪಲಿ ಬಿಟ್ಟು ಕೈಮುಗಿದರು, ಕಾಲು ಸುಟ್ಟು ತಕ್ಷಣ ಮತ್ತೆ ಮೆಟ್ಟಿಕೊಂಡರು. ಮೈಸೂರಿನ ತಂಗಿಗೂ ತೋರಿಸಬೇಕು ಅನ್ನಿಸಿತು. "ಊರಲ್ಲಿ ಈಗೆಷ್ಟು?" ಅಂದರು.

"ಎರಡೂವರೆ" ಅಂದರು ಮಾವ.

"ಊಟ ಮಾಡಿ ಮಲಗಿರ್ತಾಳೆ, ಪರವಾಗಿಲ್ಲ ಎಬ್ಬಿಸ್ತೀನಿ."

ಮುಳ್ಳಿನ ವಾಚು ಹಗಲೋ ರಾತ್ರಿಯೋ ಹೇಳಲ್ಲ. ನನಗೆ ತಟ್ಟನೆ ಹೊಳೆಯುವಷ್ಟರಲ್ಲಿ ವಿಡಿಯೋ ಕಾಲ್ ಹೋಗಿತ್ತು. ಕತ್ತಲೆಯೊಳಗಿಂದ ಕೆದರಿದ ತಲೆಯೊಂದು ಬಂತು.

"ಅಯ್ಯೋ ಅಕ್ಕ, ಏನಾಯ್ತು? ಭಾವ ಹುಷಾರಾಗಿದ್ದಾರಾ?"

"ಯಾರಿಗೂ ಏನೂ ಆಗಿಲ್ಲ ಕಣೇ. ವಿಷ್ಣು ದೇವಸ್ಥಾನ ನೋಡು" ಅಂತ ಅತ್ತೆ ಫೋನನ್ನು ಕಣಿವೆ ಕಡೆ ತಿರುಗಿಸಿದರು.

ಆ ಕಡೆ ಸ್ವಲ್ಪ ಹೊತ್ತು ಏನೋ ತಡಕಾಡುವ ಸದ್ದು. ಲೋಟವೊಂದು ಕೆಳಗೆ ಬಿತ್ತು.

"ಕನ್ನಡಕ ಸಿಗ್ತಿಲ್ಲ ಅಕ್ಕ. ಬೆಳಗ್ಗೆ ಎದ್ದು ನೋಡ್ತೀನಿ. ಅಷ್ಟೊತ್ತು ಅದು ಅಲ್ಲೇ ಇರತ್ತೆ ತಾನೇ?"