ಮೊದಲು ಮೀನು, ಆಮೇಲೆ ವೈನ್

ಕಿಟಕಿಯಾಚೆ ಮೀನುಗಾರಿಕೆಯ ದೋಣಿಗಳು ನಿಂತಿರುತ್ತವೆ. ತಟ್ಟೆಯಲ್ಲಿ ಅದೇ ದಿನ ಬೆಳಗ್ಗೆ ಬಲೆಗೆ ಬಿದ್ದ ಮೀನು. ಅದರ ಪಕ್ಕಕ್ಕೆ ದೂರದ ಒಳನಾಡಿನಿಂದ ಬಂದ, ಓಕ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಲಗಿದ್ದ, ದೊಡ್ಡ ಹೆಸರಿನ ಕೆಂಪು ವೈನ್ ತರಿಸಿಕೊಂಡು ಕೂರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ದುಡ್ಡು ಅವರದು, ನಾಲಿಗೆಯೂ ಅವರದೇ; ಆದರೂ ಸಂಕಟ. ಅರ್ಧ ಊಟ ಮುಗಿಯುವ ಹೊತ್ತಿಗೆ ಮೀನಿನ ಹಸಿವಾಸನೆ ಎದ್ದಿರುತ್ತದೆ, ವೈನ್ ಕಹಿಯಾಗಿರುತ್ತದೆ, ಬೈಗುಳ ಮಾತ್ರ ಪಾಪ ಅಡುಗೆಯವನಿಗೆ.

ವೈನ್ ಪ್ರವಾಸ ಎಂದರೆ ಈಗ ಒಂದು ಸಿದ್ಧ ಅಚ್ಚು. ಯಾರೋ ನೂರಕ್ಕೆ ತೊಂಬತ್ತೈದು ಅಂಕ ಕೊಟ್ಟ ವೈನರಿಗಳ ಪಟ್ಟಿ ಹಿಡಿದು, ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಇನ್ನೊಂದು ಎಂದು ಓಡಾಡುವುದು. ಪ್ರತಿ ಕಡೆಯೂ ಐದಾರು ಗ್ಲಾಸು ಮೂಸುವುದು, ಹೀರುವುದು, ಉಗುಳುವುದು. ಊಟ ಏನಿದ್ದರೂ ನಡುವೆ ಸಿಕ್ಕಿದ್ದು. ಒಳನಾಡಿನ ದೊಡ್ಡ ದ್ರಾಕ್ಷಿ ಸೀಮೆಗಳಲ್ಲಿ ಇದು ನಡೆಯಬಹುದು. ಕಡಲ ದಂಡೆಯಲ್ಲಿ ಇದಕ್ಕಿಂತ ಪೆದ್ದ ಕ್ರಮ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ಮೊದಲು ನೋಡಬೇಕಾದದ್ದು ಇವತ್ತು ಬಂದರಿಗೆ ಏನು ಬಂದಿದೆ ಎಂದು. ವೈನಿನ ಮಾತು ಅದಾದ ಮೇಲೆ. ಏಕೆಂದರೆ ಆ ದಂಡೆಗಳ ವೈನ್ ಒಂಟಿಯಾಗಿ ಅಂಕ ಗಳಿಸಲು ಹುಟ್ಟಿದ್ದಲ್ಲ, ಪಕ್ಕದ ನೀರಿನಲ್ಲಿ ಸಿಗುವುದರ ಜೊತೆ ತಲೆಮಾರುಗಳಿಂದ ಒಂದೇ ಮೇಜಿನ ಮೇಲೆ ಕೂತು ಬಂದದ್ದು.

ಇದು ಬರೀ ಭಾವುಕತೆಯಲ್ಲ, ರಸಾಯನವೂ ಹೌದು. ಜಪಾನಿನ ವೈನ್ ಕಂಪನಿಯೊಂದರ ಸಂಶೋಧಕರು 2009ರಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಪರಿಣತ ರುಚಿಗಾರರಿಗೆ ಸ್ಕ್ಯಾಲಪ್ ಎಂಬ ಚಿಪ್ಪುಜೀವಿಯನ್ನು ತಿನ್ನಿಸುತ್ತಾ 38 ಕೆಂಪು, 26 ಬಿಳಿ ವೈನ್‌ಗಳನ್ನು ಕುಡಿಸಿ ನೋಡಿದ್ದರು. ವೈನಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದಷ್ಟೂ ಬಾಯಲ್ಲಿ ಉಳಿಯುವ ಮೀನುವಾಸನೆ ಹೆಚ್ಚು. ಕಬ್ಬಿಣವನ್ನು ಕಟ್ಟಿಹಾಕುವ ವಸ್ತು ಬೆರೆಸಿದರೆ ವಾಸನೆ ಇಳಿಯುತ್ತಿತ್ತು. ಎಲ್ಲ ಕೆಂಪು ವೈನಿನಲ್ಲೂ ಕಬ್ಬಿಣ ಹೆಚ್ಚಿರುವುದಿಲ್ಲ, ಆದರೆ ಬಾಟಲಿಯ ಮೇಲೆ ಅದನ್ನು ಬರೆದಿರುವುದಿಲ್ಲವಲ್ಲ! ಇನ್ನು ಹುಳಿಯ ವಿಷಯ ಎಲ್ಲರಿಗೂ ಗೊತ್ತಿರುವುದೇ. ಮೀನಿನ ಮೇಲೆ ನಿಂಬೆ ಹಿಂಡುವುದು ಸುಮ್ಮನೆ ಅಲ್ಲ, ವಾಸನೆಗೆ ಕಾರಣವಾದ ಅಮೀನುಗಳನ್ನು ಹುಳಿ ಹಿಡಿದು ಕೂರಿಸುತ್ತದೆ. ತಂಪಾದ ಕಡಲಗಾಳಿಯಲ್ಲಿ ಮಾಗಿದ ದ್ರಾಕ್ಷಿಯ ಬಿಳಿ ವೈನ್ ನಿಂಬೆಯ ಅರ್ಧ ಕೆಲಸವನ್ನು ತಾನೇ ಮಾಡಿಬಿಡುತ್ತದೆ.

ಈ ಮಾತನ್ನು ಪರೀಕ್ಷಿಸಲು ಸ್ಪೇನಿನ ವಾಯವ್ಯ ಮೂಲೆಯ ಗಲೀಸಿಯಾಕ್ಕಿಂತ ಒಳ್ಳೆಯ ಜಾಗ ನನಗೆ ತಿಳಿದಿಲ್ಲ. ಅಟ್ಲಾಂಟಿಕ್ ಸಾಗರ ಅಲ್ಲಿ ಉದ್ದುದ್ದ ಕೈಗಳಾಗಿ ನೆಲದೊಳಕ್ಕೆ ನುಗ್ಗಿದೆ. ಆ ಹಿನ್ನೀರಿನ ತುಂಬ ಮರದ ತೆಪ್ಪಗಳು, ಇಡೀ ಗಲೀಸಿಯಾದಲ್ಲಿ ಮೂರು ಸಾವಿರಕ್ಕೂ ಹೆಚ್ಚು. ಒಂದೊಂದು ತೆಪ್ಪದಿಂದ 500ರವರೆಗೆ ಹಗ್ಗಗಳು, ತಲಾ 12 ಮೀಟರ್ ಆಳಕ್ಕೆ ಇಳಿಬಿದ್ದಿರುತ್ತವೆ. ಅವುಗಳ ಮೇಲೆ ನೀಲಿಕಲ್ಲು ಎಂಬ ಚಿಪ್ಪುಜೀವಿ ಬೆಳೆಯುತ್ತದೆ. ದಡ ಹತ್ತಿದರೆ ಅಲ್ಬರಿನ್ಯೊ ಎಂಬ ಬಿಳಿ ದ್ರಾಕ್ಷಿಯ ತೋಟಗಳು. ವರ್ಷಕ್ಕೆ 1,500 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಈ ಸೀಮೆಯಲ್ಲಿ ಬಳ್ಳಿಯನ್ನು ನೆಲಕ್ಕೆ ಬಿಟ್ಟರೆ ಬೂಷ್ಟು ಹಿಡಿದು ಹೋಗುತ್ತದೆ. ಅದಕ್ಕೇ ಗ್ರಾನೈಟ್ ಕಂಬ ನೆಟ್ಟು, ಆಳೆತ್ತರದ ಚಪ್ಪರ ಹಾಕಿ, ಗೊಂಚಲುಗಳ ಕೆಳಗೆ ಗಾಳಿ ಆಡುವಂತೆ ಮಾಡಿದ್ದಾರೆ. ಚಪ್ಪರದಡಿ ನಿಂತರೆ ಒಂದು ಕಡೆ ತೆಪ್ಪಗಳು, ಇನ್ನೊಂದು ಕಡೆ ಗೊಂಚಲುಗಳು. ಎರಡರ ನಡುವೆ ಸರಕು ಸಾಗಣೆಯೇ ಬೇಕಿಲ್ಲ.

ಇಲ್ಲಿನ ರಿಯಾಸ್ ಬೈಶಾಸ್ ಎಂಬ ವೈನ್ ಸೀಮೆಗೆ ಅಧಿಕೃತ ಮಾನ್ಯತೆ ಸಿಕ್ಕಿದ್ದು 1988ರಲ್ಲಿ. ಆದರೆ ಕಂಬಾದೋಸ್ ಎಂಬ ಪುಟ್ಟ ಊರು 1953ರಿಂದಲೇ ಆಗಸ್ಟ್‌ನಲ್ಲಿ ಅಲ್ಬರಿನ್ಯೊ ಹಬ್ಬ ಮಾಡುತ್ತಿದೆ. ಹಬ್ಬದ ದಿನಗಳಲ್ಲಿ ಅಲ್ಲಿಗೆ ಹೋಗಬೇಡಿ ಎಂಬುದು ನನ್ನ ಸಲಹೆ. ಕಾಲಿಡಲು ಜಾಗವಿರುವುದಿಲ್ಲ, ಅಡುಗೆಮನೆಗಳು ಕಂಗಾಲಾಗಿರುತ್ತವೆ. ಸೆಪ್ಟೆಂಬರ್ ಉತ್ತರಾರ್ಧದಲ್ಲಿ ಹೋದರೆ ಕೊಯ್ಲು ನಡೆಯುತ್ತಿರುತ್ತದೆ, ಊಟದ ಮೇಜು ಸುಲಭವಾಗಿ ಸಿಗುತ್ತದೆ.

ಅಲ್ಲಿ ಪೆರ್ಸೆಬೆಸ್ ತಿನ್ನದೆ ಬರಬಾರದು. ನೋಡಲು ಯಾವುದೋ ಪುರಾತನ ಪ್ರಾಣಿಯ ಉಗುರು, ತಿಂದರೆ ಅಪ್ಪಟ ಸಮುದ್ರ. ಅಲೆ ಬಡಿಯುವ ಬಂಡೆಗಳಿಗೆ ಅಂಟಿ ಬದುಕುವ ಈ ಜೀವಿಯನ್ನು ಇಳಿತದ ಹೊತ್ತಿನಲ್ಲಿ, ಒಂದು ಅಲೆಗೂ ಇನ್ನೊಂದು ಅಲೆಗೂ ನಡುವಿನ ಸಮಯದಲ್ಲಿ ಕೆರೆದು ತೆಗೆಯಬೇಕು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುವವರಿದ್ದಾರೆ, ಪ್ರಾಣ ಕಳೆದುಕೊಂಡವರೂ ಇದ್ದಾರೆ. ಬೆಲೆ ಕೇಳಿ ಹುಬ್ಬೇರಿಸುವ ಮೊದಲು ಇದು ನೆನಪಿರಲಿ. ಸಮುದ್ರದ ನೀರಿನಲ್ಲೇ ಒಂದೆರಡು ನಿಮಿಷ ಕುದಿಸಿ, ಬಟ್ಟೆ ಮುಚ್ಚಿ ಬಿಸಿಬಿಸಿ ತಂದಿಡುತ್ತಾರೆ. ಸಾಸ್ ಇಲ್ಲ, ನಿಂಬೆಯೂ ಇಲ್ಲ. ಚರ್ಮ ತಿರುಚಿ ಕಿತ್ತರೆ ಉಪ್ಪುನೀರು ಅಂಗಿಯ ಮೇಲೆ ಚಿಮ್ಮುವುದು ಖಾತ್ರಿ. ಆ ಉಪ್ಪಿನ ಹಿಂದೆಯೇ ಒಂದು ಗುಟುಕು ತಣ್ಣನೆಯ ಅಲ್ಬರಿನ್ಯೊ. ನೂರು ಅಂಕದ ಯಾವ ಬಾಟಲಿಯೂ ಆ ಕ್ಷಣದಲ್ಲಿ ಅದರ ಜಾಗ ತುಂಬಲಾರದು.

ಒಂದು ಎಚ್ಚರಿಕೆ. ಇಂಥ ಊರುಗಳಲ್ಲಿ ಮೀನು, ಚಿಪ್ಪುಜೀವಿಗಳ ಎದುರು ಮೆನುವಿನಲ್ಲಿ ಎಷ್ಟೋ ಸಲ ಬೆಲೆಯೇ ಇರುವುದಿಲ್ಲ, ಅಂದಿನ ಮಾರುಕಟ್ಟೆ ದರ ಎಂದಿರುತ್ತದೆ. ಅದು ಮೋಸವಲ್ಲ, ಹರಾಜಿನ ದರ ದಿನವೂ ಬದಲಾಗುತ್ತದೆ. ಆದರೆ ಅಡುಗೆಗೆ ಹೋಗುವ ಮುನ್ನ ಮೀನನ್ನು ತೂಗಿಸಿ, ದರ ಕೇಳಿ. ಸಂಕೋಚಪಟ್ಟುಕೊಂಡು ಬಿಲ್ ಬಂದಾಗ ಬೆವರುವುದಕ್ಕಿಂತ ಇದು ಮರ್ಯಾದೆಯ ದಾರಿ. ಒಳ್ಳೆಯ ಹೋಟೆಲಿನವರು ಕೇಳದೆಯೇ ಮೀನನ್ನು ತಟ್ಟೆಯಲ್ಲಿಟ್ಟು ತಂದು ತೋರಿಸುತ್ತಾರೆ. ಕಿವಿರು ಕೆಂಪಗಿದ್ದು ಕಣ್ಣು ಉಬ್ಬಿದ್ದರೆ ತಲೆಯಾಡಿಸಿ.

ಗಲೀಸಿಯಾದಿಂದ ಸ್ಪೇನಿನ ಉತ್ತರ ತೀರದಲ್ಲಿ ಪೂರ್ವಕ್ಕೆ ಹೋದರೆ ಬಾಸ್ಕ್ ಸೀಮೆಯ ಗೆತಾರಿಯಾ. ಮೊದಲ ಭೂಪ್ರದಕ್ಷಿಣೆಯನ್ನು ಮುಗಿಸಿ 1522ರಲ್ಲಿ ಹಡಗನ್ನು ಮನೆಗೆ ತಂದ ಎಲ್ಕಾನೊ ಹುಟ್ಟಿದ ಊರು. ಪಕ್ಕದ ಸರೌತ್ಸ್‌ನಿಂದ ಕಡಲಂಚಿನ ದಾರಿಯಲ್ಲಿ ನಡೆದೇ ಹೋಗಬಹುದು, ಹಾಗೆ ಹೋದರೆ ಹಸಿವೂ ಸರಿಯಾಗಿ ಆಗುತ್ತದೆ. ಬೀದಿಯಲ್ಲೇ ಇದ್ದಿಲಿನ ಒಲೆಗಳು, ಅವುಗಳ ಮೇಲೆ ಇಡಿಯಾಗಿ ಬೇಯುವ ಟರ್ಬಟ್ ಎಂಬ ಚಪ್ಪಟೆ ಮೀನು. ಜೊತೆಗೆ ಚಕೋಲಿ ಎಂಬ ವೈನ್: ತೆಳು, ಹುಳಿ, ಸಣ್ಣ ನೊರೆ, ಆಲ್ಕೊಹಾಲ್ ಶೇಕಡಾ 11ರ ಆಸುಪಾಸು. ಕೈಯೆತ್ತಿ ಮೇಲಿನಿಂದ ಸುರಿಯುತ್ತಾರೆ. ಪ್ರವಾಸಿಗರು ಫೋಟೊ ತೆಗೆಯುತ್ತಾರೆ. ಇದನ್ನು ಕಪಾಟಿನಲ್ಲಿ ಕೂಡಿಡುವ ಮಾತೇ ಇಲ್ಲ, ಕಳೆದ ಕೊಯ್ಲಿನದನ್ನು ಈ ವರ್ಷ ಕುಡಿದು ಮುಗಿಸಬೇಕು. ಗಂಭೀರ ವೈನ್ ರಸಿಕರು ಇದನ್ನು ಕಂಡು ಮೂಗು ಮುರಿಯುವುದುಂಟು. ಮುರಿಯಲಿ, ನಮಗೆ ಒಂದು ಬಾಟಲಿ ಹೆಚ್ಚು ಉಳಿಯಿತು.

ಆದರೆ ನನ್ನ ಪಕ್ಷಪಾತ ಇರುವುದು ದಕ್ಷಿಣದ ಸಾನ್‌ಲೂಕರ್ ದೆ ಬರ್ರಮೇದಾದ ಕಡೆಗೆ. ಗ್ವಾದಲ್ಕಿವೀರ್ ನದಿ ಅಟ್ಲಾಂಟಿಕ್ ಸೇರುವ ಬಾಯಿಯಲ್ಲಿದೆ ಈ ಊರು. 1498ರಲ್ಲಿ ಕೊಲಂಬಸ್ ಮೂರನೆಯ ಯಾನಕ್ಕೆ, 1519ರಲ್ಲಿ ಮೆಗೆಲನ್ ತನ್ನ ಕೊನೆಯ ಯಾನಕ್ಕೆ ಹೊರಟದ್ದು ಇಲ್ಲಿಂದಲೇ. ಇಲ್ಲಿನ ವೈನ್ ಮಂಜನೀಯಾ, ಶೆರ್ರಿ ವೈನಿನ ಒಂದು ಬಗೆ. ಪಾಲೊಮಿನೊ ಎಂಬ ತೀರಾ ಸಪ್ಪೆ ದ್ರಾಕ್ಷಿಯ ರಸ ಹುದುಗಿದ ಮೇಲೆ ಅದಕ್ಕೆ ದ್ರಾಕ್ಷಿಯ ಸ್ಪಿರಿಟ್ ಬೆರೆಸಿ ಶೇಕಡಾ 15ಕ್ಕೆ ಏರಿಸಿ ಪೀಪಾಯಿಗೆ ತುಂಬುತ್ತಾರೆ. ಪೂರ್ತಿ ತುಂಬುವುದಿಲ್ಲ, ಮೇಲೆ ಗಾಳಿಗೆ ಜಾಗ ಬಿಡುತ್ತಾರೆ. ಆ ಖಾಲಿ ಜಾಗದಲ್ಲಿ ವೈನಿನ ಮೇಲೆ ಯೀಸ್ಟ್ ಹಾಲಿನ ಕೆನೆಯಂತೆ ಕಟ್ಟಿಕೊಳ್ಳುತ್ತದೆ. ಗಾಳಿ ತಾಗಿ ವೈನ್ ಕಂದದಂತೆ ಕಾಯುತ್ತದೆ; ಕಾವಲಿನ ಕೂಲಿಯಾಗಿ ವೈನಿನಲ್ಲಿ ಮೃದುತನ ಕೊಡುವ ಗ್ಲಿಸರಾಲನ್ನು ತಿಂದುಬಿಡುತ್ತದೆ. ಉಳಿಯುವುದು ಕಡ್ಡಿಯಂತೆ ಒಣಗಿದ, ಉಪ್ಪುಪ್ಪಾದ ರುಚಿ. ಈ ಯೀಸ್ಟಿಗೆ ತಂಪೂ ತೇವವೂ ಬೇಕು. ಸಾನ್‌ಲೂಕರ್‌ನಲ್ಲಿ ಪಶ್ಚಿಮದ ಕಡಲಗಾಳಿ ಅದನ್ನು ವರ್ಷವಿಡೀ ಬದುಕಿಸುತ್ತದೆ. ಒಳನಾಡಿನ ಹೆರೆಸ್ ಪಟ್ಟಣದಲ್ಲಿ ಇದೇ ವಿಧಾನ, ಆದರೆ ಬೇಸಿಗೆಯ ಸೆಕೆಗೆ ಪದರ ತೆಳುವಾಗುತ್ತದೆ. ಅಷ್ಟು ಹತ್ತಿರದ ಎರಡು ಊರು, ರುಚಿ ಮಾತ್ರ ಬೇರೆ.

ನದೀಮುಖದ ಬಾಹೊ ದೆ ಗೀಯಾ ಎಂಬ ದಂಡೆಯಲ್ಲಿ ಮೇಜುಗಳ ಸಾಲು, ಎದುರು ದಡದಲ್ಲಿ ದೊನ್ಯಾನಾ ಅಭಯಾರಣ್ಯ. ಸ್ಥಳೀಯ ಸಿಗಡಿಯನ್ನು ಬೇಯಿಸಿ, ತಣಿಸಿ, ಮೇಲೆ ಕಲ್ಲುಪ್ಪು ಉದುರಿಸಿ ತರುತ್ತಾರೆ. ಅರ್ಧ ಬಾಟಲಿ ಮಂಜನೀಯಾ ಕೇಳಿ, ಐಸಿನ ಬಕೆಟ್ ಸಮೇತ. ಅರ್ಧವೇ ಏಕೆಂದರೆ ತೆರೆದ ಬಾಟಲಿ ಬೇಗ ಮಂಕಾಗುತ್ತದೆ. ಎಷ್ಟೋ ಊರುಗಳ ಬಾರಿನ ಕಪಾಟಿನಲ್ಲಿ ತಿಂಗಳುಗಟ್ಟಲೆ ಬೆಚ್ಚಗೆ ಕೂತ ಬಾಟಲಿಯಿಂದ ಒಂದು ಗುಟುಕು ಕುಡಿದು ಶೆರ್ರಿ ಎಂದರೆ ಹೀಗೇ ಎಂದು ಜನ್ಮಪೂರ್ತಿ ದೂರವಿಟ್ಟವರು ಬಹಳ ಮಂದಿ. ಅವರನ್ನು ಈ ದಂಡೆಗೆ ಕರೆತಂದು ಕೂರಿಸಬೇಕು ಎಂದು ನನಗೆ ಆಗಾಗ ಅನಿಸುತ್ತದೆ.

ಫ್ರಾನ್ಸಿನದು ಸಂಕ್ಷಿಪ್ತವಾಗಿ ಹೇಳಿಬಿಡುತ್ತೇನೆ. ಲುವಾರ್ ನದಿ ಸಮುದ್ರ ಸೇರುವ ಕಡೆಯ ಮಸ್ಕಾದೆ ಎಂಬ ಬಿಳಿ ವೈನ್, ಬ್ರಿಟನಿ ಸೀಮೆಯ ಹಸಿ ಸಿಂಪಿಯ ಜೊತೆ. ಈ ಜೋಡಿಯ ಬಗ್ಗೆ ಹೊಸದಾಗಿ ಹೇಳಲು ಏನೂ ಉಳಿದಿಲ್ಲ, ಹೋಗಿ ತಿನ್ನಿ ಅಷ್ಟೇ. ಮೆಡಿಟರೇನಿಯನ್ ಕಡೆ ತೋ ಎಂಬ ಉಪ್ಪುನೀರಿನ ಸರೋವರವಿದೆ. ಆ ಸಮುದ್ರದಲ್ಲಿ ಉಬ್ಬರವಿಳಿತ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಸಿಂಪಿಗಳನ್ನು ಸಿಮೆಂಟಿನಿಂದ ಹಗ್ಗಕ್ಕೆ ಅಂಟಿಸಿ ನೀರಿಗೆ ಇಳಿಬಿಡುತ್ತಾರೆ. ಸರೋವರದ ಸುತ್ತಲೇ ಪಿಕ್‌ಪೂಲ್ ದ್ರಾಕ್ಷಿ. ಬೇಸಿಗೆಯಲ್ಲಿ ಸಿಂಪಿ ಮೊಟ್ಟೆಯಿಡುವ ಕಾಲ, ಮಾಂಸ ಹಾಲುಹಾಲಾಗಿರುತ್ತದೆ, ನನಗೆ ಹಿಡಿಸುವುದಿಲ್ಲ. ತಣ್ಣನೆಯ ತಿಂಗಳುಗಳೇ ಸರಿ.

ಎಲ್ಲ ಕಡಲ ವೈನೂ ತೆಳು, ಹಗುರ ಎಂದು ನಾನು ಹೇಳುತ್ತಿಲ್ಲ. ಗ್ರೀಸಿನ ಸಾಂಟೊರಿನಿಯ ಅಸಿರ್ಟಿಕೊ ಹುಳಿಯಲ್ಲೂ ಬಲದಲ್ಲೂ ಗಟ್ಟಿ ಆಸಾಮಿ. ಸುಮಾರು 3,600 ವರ್ಷಗಳ ಹಿಂದೆ ಸ್ಫೋಟಿಸಿದ ಜ್ವಾಲಾಮುಖಿಯ ಬೂದಿ, ಹಗುರ ಕಲ್ಲುಗಳೇ ಅಲ್ಲಿನ ಮಣ್ಣು. ಮಳೆ ವರ್ಷಕ್ಕೆ 400 ಮಿಲಿಮೀಟರ್‌ಗೂ ಕಡಿಮೆ. ಗಾಳಿಯಂತೂ ಕಿತ್ತು ಒಗೆಯುವಂಥದ್ದು. ಅದಕ್ಕೆ ಬಳ್ಳಿಯನ್ನು ನೆಲಕ್ಕೆ ಅಂಟಿದ ಬುಟ್ಟಿಯಾಗಿ ಸುತ್ತಿ, ಗೊಂಚಲನ್ನು ಅದರೊಳಗೆ ಬಚ್ಚಿಡುತ್ತಾರೆ. ರಾತ್ರಿಯ ಕಡಲಮಂಜೇ ಅದಕ್ಕೆ ನೀರು. ಸುಟ್ಟ ಆಕ್ಟೋಪಸ್ ಜೊತೆ ಇದನ್ನು ಕುಡಿಯಲು ಸೂರ್ಯಾಸ್ತದ ನೋಟವಿರುವ ಮೇಜು ಬೇಕೇ ಬೇಕು ಎಂದು ಯಾರು ಹೇಳಿದರೋ. ಅಂಥ ಮೇಜುಗಳಲ್ಲಿ ನೋಟಕ್ಕೆ ಬಾಡಿಗೆ ಕೊಡುತ್ತೀರಿ, ಮೀನು ನೆಪಮಾತ್ರ. ಸೂರ್ಯ ಮುಳುಗುವುದನ್ನು ಬಂಡೆಯ ಮೇಲೆ ಕುಳಿತು ಪುಕ್ಕಟೆ ನೋಡಿ, ಆಮೇಲೆ ಕೆಳಗಿನ ಬಂದರಿಗೋ ಒಳಗಿನ ಹಳ್ಳಿಗೋ ಹೋಗಿ ಊಟ ಮಾಡಿ. ಆ ದ್ವೀಪದಲ್ಲಿ ಬಳ್ಳಿಯ ನೆಲವನ್ನು ಪ್ರವಾಸಿಗರ ಕಟ್ಟಡಗಳು ನುಂಗುತ್ತಿವೆ ಎಂಬ ದೂರು ಹಳೆಯದು. ನಾವೂ ಆ ಪ್ರವಾಸಿಗರೇ.

ಇಟಲಿಯ ಚಿಂಕ್ವೆ ತೆರ್ರೆ ಎಂಬ ಐದು ಊರುಗಳ ಕಡಲ ಸೀಮೆಯಲ್ಲಿ ಸಮಸ್ಯೆ ತಿರುವುಮುರುವು. ಕಡಿದಾದ ಬೆಟ್ಟಕ್ಕೆ ಕಲ್ಲಿನ ಮೇಲೆ ಕಲ್ಲಿಟ್ಟು, ಗಾರೆಯಿಲ್ಲದೆ ಕಟ್ಟಿದ ಗೋಡೆಗಳ ಹಿಂದೆ ಅಂಗೈಯಗಲದ ದ್ರಾಕ್ಷಿ ಪಟ್ಟಿಗಳು. 1997ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಈ ಭೂದೃಶ್ಯವೇ. ಗೊಂಚಲು ಇಳಿಸಲು ಒಂದೇ ಹಳಿಯ ಪುಟ್ಟ ಬಂಡಿಗಳಿವೆ, ಉಳಿದದ್ದೆಲ್ಲ ಬೆನ್ನಿನ ಮೇಲೆ. ದುಡಿಯುವ ಕೈ ಕಡಿಮೆಯಾಗಿ ಎಷ್ಟೋ ಮೆಟ್ಟಿಲು ತೋಟಗಳು ಪಾಳುಬಿದ್ದಿವೆ. ಪಾಳುಬಿದ್ದ ಗೋಡೆ ಮಳೆಗೆ ಜಾರುತ್ತದೆ. 2011ರ ಅಕ್ಟೋಬರ್ 25ರಂದು ಒಂದೇ ಮಳೆಗೆ ವೆರ್ನಾತ್ಸಾ, ಮೊಂತೆರೊಸ್ಸೊ ಊರುಗಳ ಬೀದಿಗಳು ಕೆಸರಿನಡಿ ಹೂತುಹೋಗಿದ್ದವು. ಬಣ್ಣದ ಮನೆಗಳ ಮುಂದೆ ಸೆಲ್ಫಿ ತೆಗೆದು ಮುಂದಿನ ರೈಲಿಗೆ ಓಡುವ ಬದಲು, ಮೊಂತೆರೊಸ್ಸೊದ ಉಪ್ಪು ಹಾಕಿದ ಆಂಚೊವಿ ತರಿಸಿ, ಆ ಮೆಟ್ಟಿಲುಗಳ ಬಿಳಿ ವೈನನ್ನು ದುಬಾರಿಯಾದರೂ ಒಂದು ಬಾಟಲಿ ಕುಡಿದು ಎದ್ದರೆ ದುಡ್ಡು ಹೋಗಬೇಕಾದ ಕಡೆ ಸ್ವಲ್ಪವಾದರೂ ಹೋಗುತ್ತದೆ.

ಅಲ್ಲಿ ಇನ್ನೊಂದು ಅನುಕೂಲವೂ ಇದೆ: ಐದೂ ಊರುಗಳಲ್ಲಿ ರೈಲು ನಿಲ್ಲುತ್ತದೆ. ಕಡಲ ದಾರಿಯ ತಿರುವುಗಳಲ್ಲಿ ಕಾರು, ಮಧ್ಯಾಹ್ನ ವೈನ್. ಈ ಎರಡನ್ನೂ ಒಂದೇ ದಿನಕ್ಕೆ ಇಟ್ಟುಕೊಳ್ಳುವವರ ಬಗ್ಗೆ ನನಗೆ ಎಳ್ಳಷ್ಟೂ ಸಹಾನುಭೂತಿ ಇಲ್ಲ. ಫ್ರಾನ್ಸ್, ಇಟಲಿಗಳಲ್ಲಿ ಚಾಲಕರಿಗೆ ಮಿತಿ ಲೀಟರ್ ರಕ್ತಕ್ಕೆ ಅರ್ಧ ಗ್ರಾಂ ಆಲ್ಕೊಹಾಲ್, ಎರಡು ಗ್ಲಾಸಿನಲ್ಲೇ ಕೆಲವರು ಅಲ್ಲಿಗೆ ಮುಟ್ಟುತ್ತಾರೆ. ಕುಡಿದು ಸಮುದ್ರಕ್ಕೆ ಇಳಿಯುವುದೂ ಅಷ್ಟೇ ಮೂರ್ಖತನ. ಊಟವಿರುವ ಊರಿನಲ್ಲೇ ಹಾಸಿಗೆ ಗೊತ್ತುಮಾಡಿಕೊಳ್ಳಿ.

ಕೆಂಪು ವೈನ್ ಪ್ರಿಯರು ಇಷ್ಟು ಹೊತ್ತಿಗೆ ಹಲ್ಲು ಕಡಿಯುತ್ತಿರಬಹುದು. ಅವರಿಗೂ ಕಡಲಿದೆ. ಫ್ರಾನ್ಸಿನಲ್ಲಿ, ಸ್ಪೇನಿನ ಗಡಿಗೆ ಹತ್ತಿರದ ಕೊಲ್ಯೂರ್ ಊರು ಉಪ್ಪಿನ ಆಂಚೊವಿಗೂ ಹೆಸರುವಾಸಿ, ಕೆಂಪು ವೈನಿಗೂ ಹೆಸರುವಾಸಿ. ಸುಟ್ಟ ಟ್ಯೂನಾ ಮೀನಿಗೆ ಹಗುರ ಕೆಂಪು ವೈನ್ ಸ್ವಲ್ಪ ತಣ್ಣಗಿದ್ದರೆ ನಾನೂ ಬೇಡವೆನ್ನುವುದಿಲ್ಲ. ಪೋರ್ಚುಗಲ್ಲಿನ ಸಿಂತ್ರಾದಾಚೆ ಕೊಲಾರೆಸ್ ಇದೆ. ಅಲ್ಲಿ ರಮಿಸ್ಕೊ ಎಂಬ ಕೆಂಪು ದ್ರಾಕ್ಷಿಯನ್ನು ಕಡಲ ಮರಳಿನಲ್ಲೇ ಬೆಳೆಯುತ್ತಾರೆ. ಮರಳನ್ನು ಆಳಕ್ಕೆ ತೋಡಿ, ಅಡಿಯ ಜೇಡಿಗೆ ಬೇರು ಸಿಕ್ಕಿಸಿ, ಗಾಳಿಗೆ ಅಡ್ಡವಾಗಿ ಜೊಂಡಿನ ಬೇಲಿ ಕಟ್ಟಿ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ತೋಟಗಳನ್ನೆಲ್ಲ ತಿಂದುಹಾಕಿದ ಫಿಲಾಕ್ಸರಾ ಕೀಟಕ್ಕೆ ಈ ಮರಳಿನಲ್ಲಿ ದಾರಿ ಸಿಗಲಿಲ್ಲ. ತೋಟಗಳನ್ನು ತಿಂದದ್ದು ಆಮೇಲೆ ಬೆಳೆದ ಊರುಗಳು. ಉಳಿದದ್ದು ಚೂರುಪಾರು ನೆಲ, ವರ್ಷಕ್ಕೆ ಕೆಲವೇ ಬಾಟಲಿಗಳು. ಎಳೆಯದಿದ್ದಾಗ ಬಾಯಿ ಒಗರಾಗಿಸುತ್ತದೆ, ಹತ್ತು ವರ್ಷ ಕಳೆದದ್ದನ್ನು ಹುಡುಕಿ. ಜೊತೆಗೆ ಏನು ತಿನ್ನಬೇಕೆಂದು ನನ್ನನ್ನು ಕೇಳಬೇಡಿ. ಅಂದು ದೋಣಿಯಲ್ಲಿ ಬಂದದ್ದು ಯಾವುದೆಂದು ಬಡಿಸುವವರನ್ನು ಕೇಳಿ.